ದೀಪವಿಲ್ಲದ ಊರುಗಳು: ಹಳೆಯ ನಕ್ಷೆ ಮತ್ತು ನೆಲದೊಳಗಿನ ಲೋಹ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಗಾಗಿ ಕಂಪ್ಯೂಟರ್ ಬಗ್ಗೆ ಮಾತನಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ಇಂದು ಹಳೆಯ ನಕ್ಷೆಗಳ ಬಗ್ಗೆ, ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ.

ಕಂದಾಯ ಇಲಾಖೆಯ ಕಾಗದಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತು ಬರುತ್ತದೆ. ಇದು ಪಾರ್ಸಿಯಿಂದ ಬಂದ ಮಾತು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆ ದೀಪ ಹಚ್ಚುವವರು ಒಬ್ಬರೂ ಉಳಿಯದ ಊರು ಎಂದರ್ಥ. ನಾವು ಆಡುಮಾತಿನಲ್ಲಿ ಹಾಳೂರು ಅನ್ನುತ್ತೇವೆ. ಪ್ಲೇಗು, ಬರ, ದಂಡಿನ ಹಾವಳಿ, ಬತ್ತಿದ ಬಾವಿ, ಹೀಗೆ ಏನೇನೋ ಕಾರಣಕ್ಕೆ ಜನ ಬಿಟ್ಟುಹೋದ ಊರುಗಳಿವು. ಮನೆ ಬಿದ್ದು ಹೊಲವಾಗಿದೆ. ಆದರೂ ಹೆಸರು ದಾಖಲೆಯಲ್ಲಿ ಉಳಿದಿದೆ.

ಇಂಥ ಊರನ್ನು ಹುಡುಕುವುದು ಹೇಗೆ? ಮೊದಲು ಗ್ರಾಮ ನಕ್ಷೆ ನೋಡಬೇಕು. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಅದು ಸಿಗುತ್ತದೆ. ನಮ್ಮ ಭಾಗದ ಸರ್ವೆ ಮುಂಬೈ ಪ್ರಾಂತದ ಕಾಲದ್ದು. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಆ ನಕ್ಷೆಯಲ್ಲಿ ಬಂಡಿದಾರಿಗಳನ್ನು ಗಮನಿಸಿ. ನಾಲ್ಕು ದಿಕ್ಕಿನಿಂದ ಬಂದ ದಾರಿಗಳು ಊರೇ ಇಲ್ಲದ ಒಂದು ಹೊಲದಲ್ಲಿ ಕೂಡಿದ್ದರೆ, ಅಲ್ಲಿ ಒಂದು ಕಾಲಕ್ಕೆ ಏನೋ ಇತ್ತು. ಯಾರೂ ಸುಮ್ಮನೆ ಬಯಲಿಗೆ ದಾರಿ ಮಾಡುವುದಿಲ್ಲ. ಇನ್ನು ಹೊಲದ ಹೆಸರು ಕೇಳಿ. ಹಾಳೂರ ಹೊಲ, ಕೋಟಿ ಹೊಲ, ಸಂತಿ ಪಟ್ಟಿ ಎಂದು ಹಿರಿಯರು ಕರೆಯುವ ಹೆಸರಿನಲ್ಲಿಯೇ ಅರ್ಧ ಉತ್ತರ ಇರುತ್ತದೆ.

ಎರಡನೆಯದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. ಈ ಸಂಸ್ಥೆ 1767ರಲ್ಲಿ ಹುಟ್ಟಿದ್ದು. ಬೆಳಗಾವಿ, ಖಾನಾಪುರ ಎರಡೂ 48 ಐ ಎಂಬ ಹಾಳೆಯ ವ್ಯಾಪ್ತಿಗೆ ಬರುತ್ತವೆ. ಹಳೆಯ ಹಾಳೆಗಳಲ್ಲಿ ಒಂದು ಇಂಚಿಗೆ ಒಂದು ಮೈಲಿ ಲೆಕ್ಕ. ಒಂಟಿ ಗುಡಿ, ಬಾವಿ, ಪಾಳು ಕೋಟೆ, ಹೊಳೆ ದಾಟುವ ಕಡವು, ಎಲ್ಲಕ್ಕೂ ಗುರುತುಗಳಿವೆ. ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳು ಈಗ ನೆಲದ ಮೇಲೆ ಕಾಣುವುದಿಲ್ಲ, ಅಣೆಕಟ್ಟಿಗಿಂತ ಮೊದಲಿನ ನಕ್ಷೆಯಲ್ಲಿ ಕಾಣುತ್ತವೆ.

ಮೂರನೆಯ ಹಂತದಲ್ಲಿ ನನ್ನ ಕಸುಬು ನೆರವಿಗೆ ಬಂತು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಬಹುದು. ಎರಡರಲ್ಲೂ ಇರುವ, ಜಾಗ ಬದಲಿಸದ ಗುರುತುಗಳನ್ನು ಜೋಡಿಸಬೇಕು. ರೈಲ್ವೆ ಸೇತುವೆ, ಗುಡಿ, ಕೋಟೆಯ ಮೂಲೆ ನಡೆಯುತ್ತವೆ. ಮರ, ಹಳ್ಳದ ತಿರುವು ನಂಬುವಂತಿಲ್ಲ. ಇಷ್ಟಾದರೂ ಒಂದು ಎಚ್ಚರ ಬೇಕು. ಇಂಚಿಗೆ ಮೈಲಿಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 63 ಮೀಟರ್. ನೀವು ಪೆನ್ಸಿಲ್‌ನಿಂದ ಇಟ್ಟ ಒಂದು ಚುಕ್ಕೆ 30 ಗುಂಟೆ ನುಂಗುತ್ತದೆ. ಆದ್ದರಿಂದ ನಕ್ಷೆ ಹೊಲದ ತನಕ ಕರೆದುಕೊಂಡು ಹೋಗುತ್ತದೆ, ಮುಂದಿನದು ಕಾಲ್ನಡಿಗೆ. ಒಡೆದ ಮಡಕೆಯ ಚೂರು, ಬೂದಿ ಬಣ್ಣದ ಮಣ್ಣು, ಹಳೆಯ ಹುಣಸೆ ಮರ, ಹೂತುಹೋದ ಬಾವಿಯ ಕಲ್ಲು ಸಿಕ್ಕರೆ ಲೆಕ್ಕ ಸರಿಯಾಯಿತು.

ಈಗ ನನ್ನ ತಪ್ಪಿನ ಮಾತು. ಇಂಗ್ಲೆಂಡಿನಲ್ಲಿ ಜನ ಹೀಗೆಯೇ ಹಳೆಯ ನಕ್ಷೆ ನೋಡಿ ಜಾಗ ಗುರುತಿಸಿ, ಹೊಲದ ಮಾಲೀಕರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಾರೆ. ಸಿಕ್ಕಿದ್ದನ್ನು ದಾಖಲಿಸಲು ಅಲ್ಲಿ 1997ರಿಂದ ಒಂದು ಸರ್ಕಾರಿ ವ್ಯವಸ್ಥೆಯೂ ಇದೆ. ಅದನ್ನೆಲ್ಲ ವೀಡಿಯೊದಲ್ಲಿ ನೋಡಿ, ಇಲ್ಲಿಯ ಕಾನೂನು ಏನೆಂದು ಕೇಳದೆ, ನಾನೂ ಒಂದು ಯಂತ್ರ ತರಿಸಿದೆ. ನನ್ನ ತಾಯಿಯ ತವರೂರು ಖಾನಾಪುರ ತಾಲೂಕಿನಲ್ಲಿದೆ. ಅಲ್ಲಿಯ ಒಂದು ಹಾಳೂರು ನಕ್ಷೆಯಲ್ಲಿ ನನಗೆ ಸಿಕ್ಕಿತ್ತು. ಸೋದರಮಾವನ ಮಗನನ್ನು ಕರೆದುಕೊಂಡು ಹೋದೆ.

ಆ ಯಂತ್ರಕ್ಕೆ ನಾಣ್ಯದಷ್ಟು ಸಣ್ಣ ವಸ್ತು ಒಂದು ಗೇಣಿನಷ್ಟು ಆಳದವರೆಗೆ ಮಾತ್ರ ತಿಳಿಯುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಹಾಗಾಗಿ ಸುಳ್ಳು ಸದ್ದೂ ಬಹಳ. ಗುಟ್ಕಾ ಚೀಟಿ, ಮೊಳೆ, ಎತ್ತಿನ ಲಾಳ, ಮತ್ತೆ ಗುಟ್ಕಾ ಚೀಟಿ. ಸಂಜೆಯ ಹೊತ್ತಿಗೆ ಒಂದು ಸವೆದ ತಾಮ್ರದ ನಾಣ್ಯ ಸಿಕ್ಕಿತು. ನಾವಿಬ್ಬರೂ ಕುಣಿದಾಡಿಬಿಟ್ಟೆವು. ಪಕ್ಕದ ಹೊಲದ ಅಜ್ಜ ಬಂದು ನಾವು ತೋಡಿದ ಕುಣಿಗಳನ್ನು ನೋಡಿ, “ತಮ್ಮಾ, ತಗದದ್ದು ತಗದಿ. ಅದು ಇದ್ದಾಂಗ ಹೊಳ್ಳಿ ಇಡಾಕ ಬರತೈತೇನು?” ಅಂದ. ನನಗೆ ಆಗ ಅರ್ಥವಾಗಲಿಲ್ಲ.

ಆ ನಾಣ್ಯವನ್ನು ತಂದು ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ್ದ, ಈಗ ನಿವೃತ್ತರಾಗಿರುವ ಗುರುಗಳಿಗೆ ತೋರಿಸಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. “ಸರಿಯಾಗಿ ಎಲ್ಲಿ ಸಿಕ್ಕಿತು? ಎಷ್ಟು ಆಳದಾಗ? ಅದರ ಜೋಡಿ ಏನಿತ್ತು?” ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. “ಹಂಗಾರ ಇದರ ಬಾಯಿ ನೀನೇ ಮುಚ್ಚಿದಿ” ಅಂದರು. ಹತ್ತನೆಯ ತರಗತಿಯಲ್ಲಿ ಅವರಿಂದ ತಿಂದ ಏಟಿಗಿಂತ ಆ ಮಾತು ಜೋರಾಗಿ ತಗುಲಿತು.

ಬಾಯಿ ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಲಸಿಯೇ ಸಾಕ್ಷಿ. ಸುಮಾರು 1860ರಲ್ಲಿ ಹಲಸಿಯ ಹತ್ತಿರ ಚಕ್ರತೀರ್ಥ ಎಂಬ ಸಣ್ಣ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಅವು ಚದುರಿ ಕರಗಿಹೋಗಲಿಲ್ಲ. ಜೆ.ಎಫ್. ಫ್ಲೀಟ್ ಅವುಗಳನ್ನು ಓದಿ ಪ್ರಕಟಿಸಿದರು. ಹಲಸಿಯೇ ಪಲಾಶಿಕೆ, ಅಲ್ಲಿ ಮೃಗೇಶವರ್ಮ ಜಿನಾಲಯ ಕಟ್ಟಿಸಿದ ಎಂಬುದೆಲ್ಲ ನಮಗೆ ಗೊತ್ತಾದದ್ದು ಆ ಪಟಗಳಿಂದ. ಯಾರಾದರೂ ಅವನ್ನು ತೂಕದ ಲೆಕ್ಕದಲ್ಲಿ ತಾಮ್ರಗಾರನಿಗೆ ಮಾರಿದ್ದರೆ? ಇಲ್ಲೇ ನಗರದ ಪಕ್ಕದ ವಡಗಾವಿ-ಮಾಧವಪುರದಲ್ಲಿ ಉತ್ಖನನ ಮಾಡಿ ಸಾತವಾಹನರ ಕಾಲದ ಪಟ್ಟಣವನ್ನು ಬೆಳಕಿಗೆ ತಂದದ್ದೂ ಪದರ ಪದರವಾಗಿ ಅಗೆದು, ಬರೆದಿಟ್ಟ ವಿದ್ವಾಂಸರೇ.

ಕಾನೂನೂ ತಿಳಿದಿರಲಿ. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಂರಕ್ಷಿತ ಸ್ಥಳದಲ್ಲಿ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆ ಇದೆ. ನಾನು ತಡವಾಗಿಯಾದರೂ ಆ ನಾಣ್ಯವನ್ನು ತಪ್ಪೊಪ್ಪಿಗೆ ಬರೆದುಕೊಟ್ಟು ಸರ್ಕಾರಕ್ಕೆ ಒಪ್ಪಿಸಿದೆ. ಯಂತ್ರ ಅಟ್ಟ ಸೇರಿತು. ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಗುಡಿ ಅಗೆಯುವವರನ್ನು ನಾವು ಬೈಯುತ್ತೇವೆ. ಹಗಲಿನಲ್ಲಿ ಯಂತ್ರ ಹಿಡಿದು ಹೋಗಿದ್ದ ನಾನು ಅವರಿಗಿಂತ ಬಹಳ ಬೇರೆಯವನೇನೂ ಆಗಿರಲಿಲ್ಲ.

ನಕ್ಷೆಯನ್ನು ಮಾತ್ರ ಬಿಟ್ಟಿಲ್ಲ. ಆ ಹಾಳೂರಿಗೆ ಮತ್ತೆ ಹೋದೆ, ಈ ಸಲ ಬರಿಗೈಯಲ್ಲಿ. ಅಜ್ಜನನ್ನು ಜೊತೆಗೆ ಕರೆದುಕೊಂಡು ಬಾವಿ, ಗುಡಿಯ ಅಡಿಪಾಯ, ವೀರಗಲ್ಲು ಎಲ್ಲೆಲ್ಲಿವೆ ಎಂದು ಮೊಬೈಲಿನಲ್ಲಿ ಗುರುತು ಹಾಕಿಕೊಂಡೆ. ಹೆಸರುಗಳನ್ನು ಅವರೇ ಹೇಳಿದರು. ಒಂದು ಗುಂಡಿಯನ್ನೂ ತೋಡಲಿಲ್ಲ. ಅಂದು ಸಿಕ್ಕಿದ್ದು ಆ ನಾಣ್ಯಕ್ಕಿಂತ ದೊಡ್ಡದು.

ವಿದ್ಯಾರ್ಥಿಗಳೇ, ನಿಮಗೆ ನನ್ನ ಒಂದು ಕೋರಿಕೆ. ಬೇಸಿಗೆ ರಜೆಗೆ ಅಜ್ಜನ ಊರಿಗೆ ಹೋಗುತ್ತೀರಲ್ಲ, ಆ ಊರಿನ ಗ್ರಾಮ ನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಹೋಗಿ. ಹೊಲಗಳ ಹೆಸರು ಕೇಳಿ ಅದರ ಮೇಲೆ ಬರೆದುಕೊಂಡು ಬನ್ನಿ. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಶಾಲೆಯ ಗೋಡೆಗೆ ಒಂದು ದೊಡ್ಡ ನಕ್ಷೆ ಮಾಡಿಕೊಡುವ ಕೆಲಸ ನನ್ನದು. ಹಿರಿಯರೇ, ನಿಮ್ಮ ಟ್ರಂಕಿನಲ್ಲಿ ಹಳೆಯ ಭೂಮಾಪನದ ಕಾಗದಗಳಿದ್ದರೆ ರದ್ದಿಗೆ ಹಾಕಬೇಡಿ, ನಮಗೊಮ್ಮೆ ತೋರಿಸಿ. ಹೊಲದ ಹೆಸರು ಬಲ್ಲ ತಲೆಮಾರು ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿದೆ. ಅವರು ಹೋದ ಮೇಲೆ ಯಾವ ಯಂತ್ರವೂ ಆ ಹೆಸರನ್ನು ಹುಡುಕಿಕೊಡುವುದಿಲ್ಲ.