ಕೆಟ್ಟ ಹಾರ್ಡ್ ಡಿಸ್ಕಿನೊಳಗಿನ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಹಾರ್ಡ್ ಡಿಸ್ಕಿನ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ಬಿ.ಇಡಿ.ಯಲ್ಲಿ ನನಗೆ ಇದನ್ನು ಯಾರೂ ಕಲಿಸಲಿಲ್ಲ. ನಮ್ಮ ಕಚೇರಿಯ ಕಂಪ್ಯೂಟರ್ ಕೆಟ್ಟಾಗ ಪಟ್ಟ ಪಾಡಿನಿಂದ ಕಲಿತದ್ದು ಇದು.

ಸಂಘದಿಂದ ಬಡ ವಿದ್ಯಾರ್ಥಿಗಳಿಗೆ ಕರ್ಜೆ ಹಸನ, ಅಂದರೆ ಬಡ್ಡಿಯಿಲ್ಲದ ಸಾಲ ಕೊಡುವುದು ನಿಮಗೆಲ್ಲ ಗೊತ್ತು. ಅದರ ಲೆಕ್ಕ ಮೊದಲು ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ಕಂಪ್ಯೂಟರ್ ಬಂದ ಮೇಲೆ ಪುಸ್ತಕ ಅಲಮಾರಿ ಸೇರಿತು, ಆಮೇಲೆ ಅದನ್ನು ಯಾರೂ ಬರೆಯಲಿಲ್ಲ. ಒಂದು ಜೂನ್ ತಿಂಗಳಲ್ಲಿ, ದಾಖಲಾತಿಯ ಗಡಿಬಿಡಿಯ ನಡುವೆ, ಕರೆಂಟು ಹೋಗಿ ಬಂತು. ಆಮೇಲೆ ಕಂಪ್ಯೂಟರ್ ಏಳಲಿಲ್ಲ. ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು ಮಾತ್ರ ಬರುತ್ತಿತ್ತು.

ನಾವು ಆಗ ಮಾಡಿದ್ದೆಲ್ಲ ತಪ್ಪು. ಒಬ್ಬರಾದ ಮೇಲೊಬ್ಬರು ಆರಿಸಿ ಹಚ್ಚಿದೆವು, ಹತ್ತು ಸಲವಾದರೂ ಆಗಿರಬೇಕು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಒಬ್ಬ ಹುಡುಗ ಹೇಳಿದ. ಅಂಗಡಿಯೊಂದಕ್ಕೆ ಒಯ್ದಾಗ "ಫಾರ್ಮ್ಯಾಟ್ ಹೊಡೆದುಬಿಡ್ತೀನಿ, ಹೊಸದರಂಗೆ ಆಗುತ್ತೆ" ಎಂದರು. ನಾನು ಹೂಂ ಎನ್ನುವವನಿದ್ದೆ. ಜೊತೆಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತಡೆದ. ಅವನಿಗೆ ಅಲ್ಲಾಹನು ಒಳ್ಳೆಯದು ಮಾಡಲಿ.

ಆ ಸದ್ದು ಏನೆಂದು ಹೇಳುತ್ತೇನೆ, ಮಕ್ಕಳು ಗಮನಿಸಿ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ, ಸೆಕೆಂಡಿಗೆ 120 ಸುತ್ತು. ಅವುಗಳ ಮೇಲೆ ಹೆಡ್ ಎಂಬ ಸಣ್ಣ ಭಾಗ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಗೆ ತಾಗದೆ ತೇಲುತ್ತ ಕಾಂತೀಯ ಗುರುತುಗಳನ್ನು ಓದುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಪಾಲು. ಧೂಳಿನ ಒಂದು ಕಣವೂ ಆ ಸಂದಿಗೆ ಬಂಡೆಯೇ. ಹೆಡ್ ಕೆಟ್ಟರೆ ತಾನು ಎಲ್ಲಿದ್ದೇನೆಂದು ಅದಕ್ಕೆ ತಿಳಿಯುವುದಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತದೆ. ಅದೇ ಆ ಟಿಕ್ ಟಿಕ್. ನಾವು ಹಚ್ಚಿದ ಪ್ರತಿ ಸಲವೂ ಕೆಟ್ಟ ಹೆಡ್ ತಟ್ಟೆಯನ್ನು ಗೀರುವ ಅಪಾಯವಿತ್ತು. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಒಳಗೆ ತೇವ ಕಟ್ಟಿ ಇನ್ನೂ ಕೆಡುತ್ತಿತ್ತು.

ಎಲ್ಲ ತೊಂದರೆಯೂ ಹೀಗಿರುವುದಿಲ್ಲ. ಡಿಸ್ಕ್ ಗಟ್ಟಿಯಾಗಿದ್ದು ಫೈಲ್ ಮಾತ್ರ ಅಳಿಸಿಹೋದರೆ ಅದು ಬೇರೆ ಮಾತು. ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರು ಹೊಡೆದುಹಾಕಿದಂತೆ ಅದು. ಪಾಠ ಪುಟದಲ್ಲೇ ಇರುತ್ತದೆ. ಅದರ ಮೇಲೆ ಹೊಸದೇನಾದರೂ ಬರೆದಾಗ ಮಾತ್ರ ಹೋಗುತ್ತದೆ. ಆದ್ದರಿಂದ ಅಳಿಸಿದ್ದು ತಿಳಿದ ಕೂಡಲೇ ಆ ಡಿಸ್ಕಿನಲ್ಲಿ ಕೆಲಸ ನಿಲ್ಲಿಸಿ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳಿವೆ. ಅವನ್ನು ಅದೇ ಡಿಸ್ಕಿಗೆ ಹಾಕಬೇಡಿ. ಸಿಕ್ಕಿದ ಫೈಲುಗಳನ್ನೂ ಬೇರೆ ಡಿಸ್ಕಿಗೇ ಇಳಿಸಿ. ಇನ್ನೊಂದು ಮಾತು: ಈಗಿನ ಲ್ಯಾಪ್‌ಟಾಪುಗಳಲ್ಲಿ ಬರುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಆದರೆ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನಾಗಿಯೇ ತೆರವು ಮಾಡುವುದರಿಂದ ಅದರಲ್ಲಿ ಅಳಿಸಿದ್ದು ಮರಳಿ ಸಿಗುವ ಆಸೆ ಕಡಿಮೆ.

ಎಷ್ಟು ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯಬಹುದು? 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದು ಚೂರಾಯಿತು. ಹರಿಯಾಣದ ಕರ್ನಾಲಿನ ಮಗಳು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ನಮ್ಮ ಇಸ್ರೋದ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕೆಲವೇ ದಿನಗಳಲ್ಲಿ ಕಲ್ಪನಾ-1 ಎಂದು ಹೆಸರಿಟ್ಟರು. ನೌಕೆಯಲ್ಲಿ ಜೆನಾನ್ ಅನಿಲದ ಮೇಲೆ ಒಂದು ಪ್ರಯೋಗ ನಡೆದಿತ್ತು. ಅದರ ಫಲಿತಾಂಶದ ಒಂದು ಭಾಗವಷ್ಟೇ ರೇಡಿಯೋ ಮೂಲಕ ಭೂಮಿಗೆ ಬಂದಿತ್ತು, ಉಳಿದದ್ದು ಸೀಗೇಟ್ ಕಂಪನಿಯ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ತಿಂಗಳುಗಳ ಮೇಲೆ ಅದು ಅವಶೇಷಗಳ ನಡುವೆ ಸಿಕ್ಕಾಗ ಸುಟ್ಟ ಲೋಹದ ಮುದ್ದೆಯಂತಿತ್ತು. ಕ್ರೋಲ್ ಆನ್‌ಟ್ರ್ಯಾಕ್ ಎಂಬ ಅಮೆರಿಕದ ಸಂಸ್ಥೆಯವರು ತಟ್ಟೆಗಳನ್ನು ತೊಳೆದು ಇನ್ನೊಂದು ಡ್ರೈವಿಗೆ ಕೂರಿಸಿ ಶೇಕಡಾ 99ರಷ್ಟು ಮಾಹಿತಿ ತೆಗೆದರು. ಅದು ಹಳೆಯ ಡಾಸ್ ವ್ಯವಸ್ಥೆಯ ಡಿಸ್ಕಾದ್ದರಿಂದ ಮಾಹಿತಿ ಚೆದುರದೆ ಒಂದೇ ಕಡೆ ಇತ್ತು, ಹಾನಿಯಾದದ್ದು ಖಾಲಿ ಭಾಗಕ್ಕೆ. 2008ರಲ್ಲಿ ಆ ಪ್ರಯೋಗದ ಪ್ರಬಂಧ ಪ್ರಕಟವಾಯಿತು. ಅದೇ ನೌಕೆಯ ಇನ್ನೆರಡು ಡ್ರೈವುಗಳಿಂದ ಏನೂ ಸಿಗಲಿಲ್ಲ. ಈ ಕತೆಯನ್ನು ಹೇಳುವವರು ಆ ಎರಡನ್ನು ಮರೆಯುತ್ತಾರೆ.

ನಮ್ಮದಕ್ಕೆ ಬರುತ್ತೇನೆ. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಹಾಗಲವಾಡಿಯಿಂದ ಗುಬ್ಬಿಗೆ ಬಸ್ಸಿನಲ್ಲಿ, ಅಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆವು. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಈ ಕೆಲಸವನ್ನೇ ಮಾಡುವವರ ವಿಳಾಸ ಹಿಡಿದೆವು. ಅವರು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆದರು, ಅದೇ ಮಾದರಿಯ ಇನ್ನೊಂದರ ಹೆಡ್ ತೆಗೆದು ಇದಕ್ಕೆ ಕೂರಿಸಿದರು. ಮೊದಲು ಫೈಲುಗಳನ್ನು ಹುಡುಕಲಿಲ್ಲ. ಇಡೀ ಡಿಸ್ಕಿನ ನಕಲನ್ನೇ ಇನ್ನೊಂದಕ್ಕೆ ಇಳಿಸಿಕೊಂಡರು. ಚೆನ್ನಾಗಿ ಓದಲು ಬರುವ ಭಾಗ ಮೊದಲು, ಕೆಟ್ಟ ಭಾಗ ಕೊನೆಗೆ. ಆಮೇಲಿನ ಹುಡುಕಾಟವೆಲ್ಲ ನಕಲಿನಲ್ಲಿ. ಇದಕ್ಕೆ ತೆತ್ತ ಹಣದಲ್ಲಿ ಇಬ್ಬರು ಹೆಣ್ಣುಮಕ್ಕಳ ಒಂದು ವರ್ಷದ ಪುಸ್ತಕ, ಬಸ್ ಪಾಸು ಆಗುತ್ತಿತ್ತು. ಆ ಲೆಕ್ಕ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪರಿವಿಡಿಯ ಭಾಗವೇ ಹಾಳಾಗಿದ್ದರಿಂದ ಫೈಲುಗಳು ಹೆಸರಿಲ್ಲದೆ, ಬರೀ ಸಂಖ್ಯೆ ಹೊತ್ತು ಬಂದವು. ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಅಡ್ಡಾದಿಡ್ಡಿ ಅಕ್ಷರಗಳು! ಎಲ್ಲ ಹೋಯಿತು ಎಂದು ಕೈಚೆಲ್ಲಿದೆ. ಹೋಗಿರಲಿಲ್ಲ. ಅವು ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದ್ದವು. ಹಳೆಯ ನುಡಿ, ಬರಹಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಹಾಗೆಯೇ ಕಾಣುತ್ತವೆ. ಫಾಂಟ್ ಹಾಕಿದೆವು, ಕನ್ನಡ ಮೂಡಿತು. ಉರ್ದು ಪತ್ರಗಳು ಇನ್‌ಪೇಜಿನಲ್ಲಿದ್ದವು, ಅವಕ್ಕೆ ಇನ್‌ಪೇಜೇ ಬೇಕಾಯಿತು. ನಿಮ್ಮ ಮನೆಯಲ್ಲಿ ಇಂಥ ಹಳೆಯ ಫೈಲುಗಳಿದ್ದರೆ, ತೆರೆಯುವ ತಂತ್ರಾಂಶ ಸಿಗುವಾಗಲೇ ಯೂನಿಕೋಡಿಗೆ ಬದಲಿಸಿಡಿ. ಡಿಸ್ಕ್ ಚೆನ್ನಾಗಿದ್ದೂ ಓದಲಾರದ ಕಾಲ ಬರುತ್ತದೆ.

ಸಾಲದ ಲೆಕ್ಕದಲ್ಲಿ ಹೆಚ್ಚಿನದು ಸಿಕ್ಕಿತು. ಹನ್ನೊಂದು ಮಂದಿಯ ಹಾಳೆ ಸಿಗಲಿಲ್ಲ. ಕಮಿಟಿಯಲ್ಲಿ ಆ ರಾತ್ರಿ ಆದ ಮಾತು ನನಗೆ ನೆನಪಿದೆ. ಕುರ್‌ಆನಿನ ಅತಿ ದೀರ್ಘ ಆಯತ್, ಸೂರಾ ಬಕರಾದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ. ಒಬ್ಬ ಹಿರಿಯರು ಅದನ್ನು ನೆನಪಿಸಿ, "ನಾವು ಬರೆದೆವು, ಸಾಕ್ಷಿ ಇಡಲಿಲ್ಲ" ಎಂದರು. ಯಾರೂ ಉತ್ತರ ಕೊಡಲಿಲ್ಲ. ಹಜರತ್ ಉಸ್ಮಾನರು (ರ.) ಮುಸ್‌ಹಫ್‌ನ ಪ್ರತಿಗಳನ್ನು ಬರೆಸಿ ಬೇರೆ ಬೇರೆ ಪಟ್ಟಣಗಳಿಗೆ ಕಳುಹಿಸಿದ್ದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ. ನಮ್ಮ ಕಚೇರಿಯಲ್ಲಿದ್ದದ್ದು ಮಾತ್ರ ಒಂದೇ ಪ್ರತಿ.

ಈಗ ಮೂರು ಪ್ರತಿಗಳಿವೆ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಪ್ರತಿ ತಿಂಗಳು ಮುದ್ರಿಸಿ ಸಹಿ ಮಾಡಿದ ಕಾಗದ ಇನ್ನೊಂದು. ಹೊರಗಿನ ಡಿಸ್ಕ್ ಖಜಾಂಚಿಯವರ ಮನೆಯಲ್ಲಿರುತ್ತದೆ, ಕಚೇರಿಯಲ್ಲಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುತ್ತೇವೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರು ನಾವು, ಒಪ್ಪುತ್ತೇನೆ.

ಆ ಹನ್ನೊಂದು ಮನೆಗಳಿಗೂ ನಡೆದು ಹೋದೆವು. ಕಂಪ್ಯೂಟರ್ ಕೆಟ್ಟಿದೆ, ನೀವು ಹೇಳಿದ್ದೇ ಲೆಕ್ಕ ಎಂದೆವು. ಕಡೆಯ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಖಾಲಾ ಒಬ್ಬರು ಎದ್ದು, ಟ್ರಂಕಿನಿಂದ ಎಣ್ಣೆ ಹಿಡಿದ ಒಂದು ನೋಟ್‌ಬುಕ್ ತಂದರು. ಮಗಳ ಓದಿಗೆಂದು ತೆಗೆದುಕೊಂಡದ್ದು, ಕೊಟ್ಟದ್ದು, ತಾರೀಖಿನೊಡನೆ ಉರ್ದುವಿನಲ್ಲಿ ಬರೆದಿದ್ದರು. ಅಕ್ಷರ ಸೊಟ್ಟ, ಲೆಕ್ಕ ನೇರ. "ಮಾಸ್ಟರ್ ಸಾಬ್, ಇನ್ನೂ ನಾನೂರು ಬಾಕಿ ಇದೆ, ಬಕ್ರೀದ್ ಆದ ಮೇಲೆ ಕೊಡ್ತೀನಿ" ಎಂದರು. ಬಕ್ರೀದ್ ಮುಗಿದ ನಾಲ್ಕನೇ ದಿನ ಮಗಳ ಕೈಯಲ್ಲಿ ಕಳುಹಿಸಿದರು. ರಸೀದಿ ಎರಡು ಪ್ರತಿ ಬರೆದು, ಒಂದನ್ನು ಅವಳ ಕೈಗೆ ಕೊಟ್ಟೆ.