ದೋಣಿ ಯಾಕೆ ಹಿಂದಕ್ಕೆ ಹೋಗುತ್ತೆ?



ನಾವೆಲ್ಲ ದಿನಾ ಓಡಾಡುವವರು. ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತೇವೆ. ಇಂದಿರಾನಗರಕ್ಕೆ ಮನೆಗೆಲಸಕ್ಕೆ ಹೋಗುತ್ತೇವೆ. ಕೆ.ಆರ್. ಪುರದಲ್ಲಿ ಬಸ್ಸು ಹತ್ತುತ್ತೇವೆ, ಇಳಿಯುತ್ತೇವೆ. ಈ ಓಡಾಟಕ್ಕೂ ಒಂದು ನಿಯಮ ಇದೆ. ಅದು ಗೊತ್ತಿದ್ದರೆ ಕೈಕಾಲು ಉಳಿಯುತ್ತೆ. ಒಂದೊಂದು ಸಲ ಜೀವವೂ ಉಳಿಯುತ್ತೆ. ಇವತ್ತು ಆ ನಿಯಮದ ಬಗ್ಗೆ ಮಾತಾಡೋಣ.

ಹಲಸೂರು ಕೆರೆ ನಿಮಗೆಲ್ಲ ಗೊತ್ತು. ಅಲ್ಲಿ ದಡದ ಹತ್ತಿರ ಒಂದು ಚಿಕ್ಕ ದೋಣಿ ನಿಂತಿದೆ ಅಂತ ಇಟ್ಟುಕೊಳ್ಳಿ. ದೋಣಿಗೆ ಹಗ್ಗ ಕಟ್ಟಿಲ್ಲ. ದೋಣಿಯಲ್ಲಿದ್ದ ಹೆಂಗಸು ದಡಕ್ಕೆ ಹಾರಿದಳು. ಅವಳು ಮುಂದಕ್ಕೆ ಬಂದಳು. ದೋಣಿ ಹಿಂದಕ್ಕೆ ಹೋಯಿತು. ದೋಣಿಯನ್ನು ಯಾರೂ ಎಳೆಯಲಿಲ್ಲ. ಗಾಳಿಯೂ ಬೀಸಲಿಲ್ಲ. ಮತ್ತೆ ಯಾಕೆ ಹಿಂದಕ್ಕೆ ಹೋಯಿತು?

ಮುಂದಕ್ಕೆ ಹಾರಬೇಕಾದರೆ ಕಾಲಿನಿಂದ ಹಿಂದಕ್ಕೆ ಒತ್ತಲೇಬೇಕು. ಅವಳು ದೋಣಿಯನ್ನು ಹಿಂದಕ್ಕೆ ಒತ್ತಿದಳು. ದೋಣಿ ಅವಳನ್ನು ಮುಂದಕ್ಕೆ ತಳ್ಳಿತು. ಇಬ್ಬರಿಗೂ ಓಟ ಬಂತು.

ಯಾರಿಗೆ ಎಷ್ಟು ಓಟ? ನಮಗೆ ಈಗ ಅಂಕಿ ಬರೆಯಲು ಬರುತ್ತೆ. ಲೆಕ್ಕ ಹಾಕಿ ನೋಡೋಣ.

ಅವಳ ತೂಕ 50 ಕಿಲೋ. ಅವಳು ಸೆಕೆಂಡಿಗೆ 4 ಅಡಿ ವೇಗದಲ್ಲಿ ಹಾರಿದಳು.
50ನ್ನು 4ರಿಂದ ಗುಣಿಸಿ. 200 ಬಂತು.

ದೋಣಿಯ ತೂಕ 100 ಕಿಲೋ. ಅದು ಸೆಕೆಂಡಿಗೆ 2 ಅಡಿ ವೇಗದಲ್ಲಿ ಹಿಂದಕ್ಕೆ ಹೋಗುತ್ತೆ.
100ನ್ನು 2ರಿಂದ ಗುಣಿಸಿ. ಅದೂ 200.

ಮುಂದಕ್ಕೆ 200. ಹಿಂದಕ್ಕೆ 200. ಮೊದಲು ಎರಡೂ ಸುಮ್ಮನೆ ನಿಂತಿದ್ದವು. ಆಗ ಮೊತ್ತ ಸೊನ್ನೆ. ಈಗಲೂ ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಸಂಘದ ಲೆಕ್ಕದ ಪುಸ್ತಕದಲ್ಲಿ ಜಮಾ ಖರ್ಚು ಸರಿಹೋಗುತ್ತೆ ನೋಡಿ, ಹಾಗೆ.

ಹೀಗೆ ತೂಕವನ್ನು ವೇಗದಿಂದ ಗುಣಿಸಿದರೆ ಬರುವುದಕ್ಕೆ 'ಸಂವೇಗ' ಅಂತ ಹೆಸರು. ಸಂವೇಗ ಸುಮ್ಮನೆ ಹುಟ್ಟುವುದಿಲ್ಲ. ಸುಮ್ಮನೆ ಕಳೆದೂ ಹೋಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತೆ, ಅಷ್ಟೆ. ಇದೇ ಆ ನಿಯಮ.

ನೀವು ಕೇಳಬಹುದು: "ನಾವು ಮನೆ ಮೆಟ್ಟಿಲಿನಿಂದಲೂ ಹಾರುತ್ತೇವೆ. ಮೆಟ್ಟಿಲು ಹಿಂದಕ್ಕೆ ಹೋಗಲ್ಲವಲ್ಲ?"

ಒಳ್ಳೆಯ ಪ್ರಶ್ನೆ. ಮೆಟ್ಟಿಲು ನೆಲಕ್ಕೆ ಅಂಟಿಕೊಂಡಿದೆ. ನಾವು ಒತ್ತಿದ್ದು ಇಡೀ ಭೂಮಿಗೆ ಹೋಗಿ ಸೇರುತ್ತೆ. ಭೂಮಿ ತುಂಬಾ ಭಾರ. ಅದು ಅಲುಗಿದ್ದು ಯಾರಿಗೂ ತಿಳಿಯಲ್ಲ. ಉರುಳುವ ಚೆಂಡು ನಿಲ್ಲುವುದೂ ಹೀಗೆಯೇ. ನೆಲದ ತಿಕ್ಕಾಟ ಅದನ್ನು ಹಿಡಿಯುತ್ತೆ. ಚೆಂಡಿನ ಸಂವೇಗ ಭೂಮಿಯ ಖಾತೆಗೆ ಜಮಾ ಆಗುತ್ತೆ. ಎಲ್ಲಿ ತಿಕ್ಕಾಟ ಕಡಿಮೆಯೋ ಅಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುತ್ತೆ. ನೀರಿನ ಮೇಲೆ ತಿಕ್ಕಾಟ ಕಡಿಮೆ. ಅದಕ್ಕೇ ದೋಣಿ ಸರಿಯಿತು.

ಮನೆಯಲ್ಲಿ ಮಕ್ಕಳ ಕೇರಂ ಬೋರ್ಡ್ ಇದೆಯಾ? ಮೇಲೆ ಪೌಡರ್ ಯಾಕೆ ಹಾಕುತ್ತಾರೆ? ತಿಕ್ಕಾಟ ಕಡಿಮೆ ಆಗಲಿ ಅಂತ. ಸ್ಟ್ರೈಕರ್ ಬಂದು ಕಾಯಿಗೆ ಹೊಡೆಯಿತು. ಕಾಯಿ ಓಡಿತು. ಸ್ಟ್ರೈಕರ್ ನಿಧಾನ ಆಯಿತು. ಸ್ಟ್ರೈಕರ್ ಕಳೆದುಕೊಂಡಿದ್ದು ಕಾಯಿಗೆ ಸಿಕ್ಕಿತು. ಇವತ್ತೇ ಆಡಿ ನೋಡಿ.

ಈಗ ಬಸ್ಸಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡು ಬೇಡ ಅಂತ ಆಯಿತು. ಆದರೆ ಸಂವೇಗದ ಲೆಕ್ಕದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಬಸ್ಸು ಓಡುವಾಗ ಅದರೊಳಗೆ ನಿಂತ ನಾವೂ ಅದೇ ವೇಗದಲ್ಲಿ ಹೋಗುತ್ತಿರುತ್ತೇವೆ. ಸುಮ್ಮನೆ ನಿಂತಿದ್ದೇವೆ ಅಂತ ನಮಗೆ ಅನ್ನಿಸುತ್ತೆ. ನಿಜವಾಗಿ ನಮ್ಮ ಮೈಯಲ್ಲಿ ಸಂವೇಗ ತುಂಬಿದೆ. ಬಸ್ಸು ನಿಲ್ಲುವ ಮುಂಚೆ ಇಳಿದರೆ ಏನಾಗುತ್ತೆ? ಕಾಲು ರಸ್ತೆಗೆ ತಾಗುತ್ತೆ. ರಸ್ತೆಯ ತಿಕ್ಕಾಟ ಕಾಲನ್ನು ಹಿಡಿಯುತ್ತೆ. ಮೇಲಿನ ಮೈಯನ್ನು ಯಾರೂ ಹಿಡಿಯಲಿಲ್ಲ. ಅದು ಬಸ್ಸಿನ ವೇಗದಲ್ಲೇ ಮುಂದೆ ಹೋಗುತ್ತೆ. ನಾವು ಮುಗ್ಗರಿಸಿ ಬೀಳುತ್ತೇವೆ. ಹಿಂದಿನ ಚಕ್ರ ಪಕ್ಕದಲ್ಲೇ ಬರುತ್ತಿರುತ್ತೆ.

ಕೆಲಸಕ್ಕೆ ಹೊತ್ತಾಯಿತು ಅಂತ ನಾವು ಅವಸರ ಮಾಡುತ್ತೇವೆ. "ಬೇಗ ಇಳೀರಿ" ಅಂತ ಹಿಂದಿನವರು ಹೇಳುತ್ತಾರೆ. ಹೇಳಲಿ. ಬಸ್ಸು ಪೂರ್ತಿ ನಿಲ್ಲುವವರೆಗೂ ಕಂಬಿ ಬಿಡಬೇಡಿ. "ನಿಲ್ಲಿಸಿ, ಇಳಿಯಬೇಕು" ಅಂತ ಗಟ್ಟಿಯಾಗಿ ಕೂಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಬೇಕು. ನೆನೆದ ರಸ್ತೆಯಲ್ಲಿ ತಿಕ್ಕಾಟ ಕಡಿಮೆ. ಹಳೇ ಮದ್ರಾಸ್ ರಸ್ತೆಯಲ್ಲಿ ಲೋಡ್ ತುಂಬಿದ ಲಾರಿ ಬರುತ್ತೆ. ಅದರ ತೂಕ ಹೆಚ್ಚು, ವೇಗವೂ ಹೆಚ್ಚು. ಅಂದರೆ ಸಂವೇಗ ಬಹಳ. ಡ್ರೈವರ್ ಬ್ರೇಕ್ ಹಾಕುತ್ತಾನೆ. ಚಕ್ರ ನಿಂತರೂ ಲಾರಿ ಜಾರುತ್ತಾ ಮುಂದೆ ಬರಬಹುದು. ಕೈ ತೋರಿಸಿದರೆ ಡ್ರೈವರ್ ನಿಲ್ಲಿಸಬೇಕು ಅಂದುಕೊಳ್ಳಬಹುದು. ಅವನು ಅಂದುಕೊಂಡರೂ ಲಾರಿ ಥಟ್ಟನೆ ನಿಲ್ಲಲ್ಲ. ಅದು ದೂರದಲ್ಲಿ ಇರುವಾಗಲೇ ದಾಟಿ. ಇಲ್ಲವೇ ಅದು ಹೋಗುವವರೆಗೆ ಕಾಯಿರಿ.

ಕೊನೆಗೆ ಒಂದು ದೊಡ್ಡ ಮಾತು. ತಿಕ್ಕಾಟವೇ ಇಲ್ಲದ ಜಾಗ ಇದೆಯಾ? ಇದೆ. ಮೇಲೆ, ಆಕಾಶದಲ್ಲಿ, ಗಾಳಿಯೂ ಇಲ್ಲದ ಕಡೆ. ಅಲ್ಲಿ ಒದೆಯಲು ನೆಲ ಇಲ್ಲ. ಹಿಡಿಯಲು ರಸ್ತೆ ಇಲ್ಲ. ಅಲ್ಲಿ ಓಡುವುದು ಹೇಗೆ? ನಿಲ್ಲುವುದು ಹೇಗೆ?

ಇಂದಿರಾನಗರ ದಾಟಿ ಹಳೇ ವಿಮಾನ ನಿಲ್ದಾಣದ ಕಡೆ ಹೋದರೆ ವಿಮಾನಪುರ ಇದೆ. ಅಲ್ಲಿ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ಇದೆ. ಚಂದ್ರಯಾನ-3ರ ಕೆಲಸ ನಡೆಸಿದ್ದು ಆ ಕೇಂದ್ರ. ಅದರ 'ವಿಕ್ರಮ್' ಎಂಬ ನೌಕೆ 2023ರ ಆಗಸ್ಟ್ 23ರ ಸಂಜೆ ಚಂದ್ರನ ಮೇಲೆ ಇಳಿಯಿತು.

ಇಳಿಯಲು ಶುರುಮಾಡಿದಾಗ ಅದರ ವೇಗ ಗಂಟೆಗೆ ಸುಮಾರು 6,000 ಕಿಲೋಮೀಟರ್. ಚಂದ್ರನಲ್ಲಿ ಗಾಳಿ ಇಲ್ಲ ಅಂದರೂ ಸರಿ. ಅದಕ್ಕೇ ಪ್ಯಾರಾಚೂಟ್ ಕೆಲಸ ಮಾಡಲ್ಲ. ಬ್ರೇಕ್ ಒತ್ತಲು ರಸ್ತೆಯೂ ಇಲ್ಲ. ಮತ್ತೇನು ಮಾಡಿತು? ನಮ್ಮ ದೋಣಿಯ ಲೆಕ್ಕವನ್ನೇ ಹಿಡಿಯಿತು. ತಾನು ಹೋಗುತ್ತಿದ್ದ ದಿಕ್ಕಿಗೇ ಬಿಸಿ ಅನಿಲವನ್ನು ಜೋರಾಗಿ ಉಗುಳಿತು. ಅನಿಲ ಮುಂದಕ್ಕೆ ಹೋಯಿತು. ನೌಕೆಗೆ ಹಿಂದಕ್ಕೆ ಒತ್ತು ಸಿಕ್ಕಿತು. ಹಾಗೇ ವೇಗ ಇಳಿಸಿಕೊಂಡು ಮೆಲ್ಲಗೆ ಕಾಲೂರಿತು. ಅಲ್ಲಿ ಅನಿಲವನ್ನು ಉಗುಳುವುದೇ ಬ್ರೇಕು.

ಈ ಯೋಜನೆಯ ಸಹ ಯೋಜನಾ ನಿರ್ದೇಶಕಿ ಒಬ್ಬ ಹೆಣ್ಣುಮಗಳು. ಅವರ ಹೆಸರು ಕೆ. ಕಲ್ಪನಾ. ಇನ್ನೂ ಎಷ್ಟೋ ಹೆಂಗಸರು ಈ ಕೆಲಸದಲ್ಲಿ ಇದ್ದರು. ಚಂದ್ರನ ಮೇಲೆ ಇಳಿಯುವ ಲೆಕ್ಕವೂ, ಬಸ್ಸಿನಿಂದ ಇಳಿಯುವ ಲೆಕ್ಕವೂ ಒಂದೇ ನಿಯಮದ್ದು. ಅವರು ಕಲಿತ ಗುಣಾಕಾರವೇ ನಾವು ಈಗ ಕಲಿಯುತ್ತಿರುವ ಗುಣಾಕಾರ.

ಅಕ್ಕಂದಿರೇ, ವಿಜ್ಞಾನ ನಮಗಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಸ್ಲೇಟು ತೆಗೆದುಕೊಳ್ಳಿ. ನಿಮ್ಮ ತೂಕ ಬರೆಯಿರಿ. ಹೆಂಗಸು 40 ಕಿಲೋ ಇದ್ದು, ಸೆಕೆಂಡಿಗೆ 5 ಅಡಿ ವೇಗದಲ್ಲಿ ಹಾರಿದರೆ, 100 ಕಿಲೋ ದೋಣಿ ಎಷ್ಟು ವೇಗದಲ್ಲಿ ಹಿಂದಕ್ಕೆ ಹೋಗುತ್ತೆ? ಲೆಕ್ಕ ಮಾಡಿ. ಉತ್ತರವನ್ನು ಪಕ್ಕದಲ್ಲಿ ಕೂತವರಿಗೆ ತೋರಿಸಿ. ಮನೆಗೆ ಹೋಗಿ ಮಕ್ಕಳಿಗೂ ಹೇಳಿಕೊಡಿ.