ಹೆಬ್ಬೆಟ್ಟು ಒತ್ತಿದರೆ ಒಪ್ಪಿಗೆಯೇ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ದಾದಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ದಾದಿ ಕೆಲಸ ಮಾಡ್ತಾ ಇದ್ದೀನಿ. ನಾನೂ ನಿಮ್ಮ ಹಾಗೆ ಹಾಸ್ಟೆಲಿನ ಅನ್ನ ಉಂಡು ಓದಿದವಳು. ಇವತ್ತು ನಾನು ಹೇಳೋದು ಒಂದೇ ವಿಷಯ. ಅದು ಹೆಬ್ಬೆಟ್ಟು.

ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿದರು. ಸಾಹುಕಾರ ಬರೆಸಿದ ಪತ್ರದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಓದಿ ಹೇಳುವವನೂ ಸಾಹುಕಾರನ ಕಡೆಯವನೇ. ಒತ್ತಿದ ಮೇಲೆ ಜಮೀನು ಹೋಯಿತು, ಮಗ ಜೀತಕ್ಕೆ ಹೋದ. ಕೇಳಿದರೆ, 'ನೀನೇ ಒಪ್ಪಿ ಒತ್ತಿದೀಯಲ್ಲೋ' ಅಂದರು. 1976ರಲ್ಲಿ ಜೀತ ರದ್ದು ಮಾಡುವ ಕಾಯಿದೆ ಬಂತು. ಆದರೆ ಆ ಮಸಿ ಡಬ್ಬಿ ಎಲ್ಲೂ ಹೋಗಲಿಲ್ಲ. ಅದನ್ನು ನಾನು ಆಸ್ಪತ್ರೆಯಲ್ಲಿ ಕಂಡೆ. ಕಂಡದ್ದಷ್ಟೇ ಅಲ್ಲ, ಅದನ್ನು ಹಿಡಿದುಕೊಂಡು ನಿಂತವಳು ನಾನೇ.

ಕೆಲಸಕ್ಕೆ ಸೇರಿದ ಹೊಸತು. ವಾರ್ಡಿಗೆ ಸಂಶೋಧನೆ ಮಾಡುವವರು ಬಂದರು. ಹೆರಿಗೆಯಾದ ಹೆಂಗಸರ ರಕ್ತ ಬೇಕು, ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು ಅಂದರು. ಫಾರಂ ಇಂಗ್ಲಿಷಿನಲ್ಲಿತ್ತು. 'ಸಿಸ್ಟರ್, ನೀವು ಅವರ ಜನ. ನೀವು ಹೇಳಿದರೆ ಒತ್ತುತ್ತಾರೆ' ಅಂದರು. ನಿಜ ಹೇಳ್ತೀನಿ, ನನಗೆ ಹೆಮ್ಮೆಯಾಯಿತು. 'ಇಲ್ಲಿ ಒತ್ತಮ್ಮ, ಏನೂ ಆಗಲ್ಲ' ಅಂತ ಹಾಸಿಗೆಯಿಂದ ಹಾಸಿಗೆಗೆ ಹೋದೆ. ಒಬ್ಬ ಕೂಲಿ ಹೆಂಗಸು ನನ್ನ ಮುಖ ನೋಡಿ, 'ಒತ್ತದಿದ್ರೆ ಮಗೀಗೆ ಔಸ್ತಿ ಕೊಡಕಿಲ್ವೇನವ್ವ?' ಅಂದಳು. ನಾನು ಉತ್ತರ ಕೊಡಲಿಲ್ಲ. ಅವಳು ಒತ್ತಿದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕಿಕೊಂಡು ಹೋದಾಗ ಸಿಕ್ಕಿದ ಎರಡು ಸಂಗತಿಗಳನ್ನು ನಿಮ್ಮ ಮುಂದೆ ಇಡ್ತೀನಿ. ಒಂದು ಅಮೆರಿಕದ ಕಪ್ಪು ಜನರದ್ದು. ಇನ್ನೊಂದು ನಮ್ಮ ಪಕ್ಕದ ನಾಡಿನ ಹಾಸ್ಟೆಲ್ ಹುಡುಗಿಯರದ್ದು.

1972 ಅಂದ ಕೂಡಲೇ ನಮಗೆ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದು ನೆನಪಾಗುತ್ತೆ. ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ಇಟ್ಟುಕೊಂಡ ಹೆಸರು ಅದು. ಅದೇ ವರ್ಷ ಜುಲೈ ತಿಂಗಳಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸುದ್ದಿ ಸ್ಫೋಟವಾಯಿತು. ಅಲಬಾಮ ರಾಜ್ಯದ ಟಸ್ಕೀಗಿ ಎಂಬ ಊರಿನ ಸುತ್ತಮುತ್ತ 1932ರಿಂದ, ಅಂದರೆ ನಲವತ್ತು ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಒಂದು 'ಅಧ್ಯಯನ' ನಡೆಸಿತ್ತು. ಸುಮಾರು 600 ಜನ ಕಪ್ಪು ಗಂಡಸರು, ಹೆಚ್ಚಿನವರು ಹತ್ತಿ ಹೊಲದಲ್ಲಿ ವಾರಕ್ಕೆ ಗೇಯುವ ಬಡವರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ನಮ್ಮ ಹಳಬರು ಪರಂಗಿ ಹುಣ್ಣು ಅಂತಿದ್ದರಲ್ಲ, ಅದು. ಅವರಿಗೆ ಆ ಹೆಸರನ್ನೂ ಹೇಳಲಿಲ್ಲ. 'ನಿಮಗೆ ಕೆಟ್ಟ ರಕ್ತ ಇದೆ' ಅಂದರು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು, ಇದು ನಿಮಗಾಗಿ ಕೊಡುವ ವಿಶೇಷ ಚಿಕಿತ್ಸೆ ಅಂತ ನಂಬಿಸಿದರು. 1940ರ ದಶಕ ಮುಗಿಯುವ ಹೊತ್ತಿಗೆ ಪೆನ್ಸಿಲಿನ್ ಆ ರೋಗಕ್ಕೆ ಮದ್ದು ಅಂತ ಎಲ್ಲ ಡಾಕ್ಟರಿಗೂ ಗೊತ್ತಾಗಿತ್ತು. ಆದರೂ ಇವರಿಗೆ ಕೊಡಲಿಲ್ಲ. ಯಾಕೆ? ಮದ್ದು ಕೊಡದಿದ್ದರೆ ರೋಗ ಮನುಷ್ಯನನ್ನು ಹೇಗೆ ತಿನ್ನುತ್ತೆ ಅಂತ ಕೊನೇವರೆಗೂ ನೋಡಬೇಕಾಗಿತ್ತು.

ಈ ಗಂಡಸರು ನಲವತ್ತು ವರ್ಷ ನಂಬಿದ್ದು ಯಾರನ್ನು? ಒಬ್ಬ ದಾದಿಯನ್ನು. ಆಕೆಯ ಹೆಸರು ಯೂನಿಸ್ ರಿವರ್ಸ್. ಆಕೆಯೂ ಕಪ್ಪು ಹೆಂಗಸು, ಅವರದೇ ಜನ. ಡಾಕ್ಟರುಗಳು ಬಂದರು, ಹೋದರು. ಆಕೆ ಮಾತ್ರ ಮೊದಲಿಂದ ಕೊನೆವರೆಗೆ ಇದ್ದಳು. ಕಾರಿನಲ್ಲಿ ಅವರನ್ನು ಕರಕೊಂಡು ಬರುವವಳು, ಮನೆಯವರ ಯೋಗಕ್ಷೇಮ ಕೇಳುವವಳು ಆಕೆ. ಸತ್ತಾಗ ಮಣ್ಣು ಮಾಡುವ ಖರ್ಚಿಗೆ 50 ಡಾಲರ್ ಸಿಗುತ್ತಿತ್ತು. ಅದಕ್ಕೆ ಬದಲು ಹೆಣ ಕೊಯ್ದು ನೋಡಲು ಬಿಡಬೇಕು. ಹಾಗೆ ಮನೆಯವರನ್ನು ಒಪ್ಪಿಸುವವಳೂ ಆಕೆಯೇ. 1953ರಲ್ಲಿ ಈ ಅಧ್ಯಯನದ ಬಗ್ಗೆ ಒಂದು ಲೇಖನ ಅಚ್ಚಾಯಿತು. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದು. 1958ರಲ್ಲಿ ಸರ್ಕಾರ ಆಕೆಗೆ ಪ್ರಶಸ್ತಿ ಕೊಟ್ಟಿತು.

ಆಕೆ ಕ್ರೂರಿ ಅಂತ ನಾನು ಹೇಳಲಾರೆ. ಆ ಜನರನ್ನು ಆಕೆ ಪ್ರೀತಿಸಿದಳು. ಆ ಕಾಲದಲ್ಲಿ ಕಪ್ಪು ಹೆಂಗಸಿಗೆ ಸರ್ಕಾರಿ ಕೆಲಸ ಸಿಗೋದೇ ಕಷ್ಟ, ಬಿಳಿ ಡಾಕ್ಟರ ಎದುರು ಬಾಯಿ ಬಿಡೋದು ಇನ್ನೂ ಕಷ್ಟ. ಆದರೆ ಮೇಲಿನವರು ಆಕೆಯನ್ನು ಯಾಕೆ ಇಟ್ಟುಕೊಂಡರು ನೋಡಿ. ಕೇರಿಯ ಬಾಗಿಲು ಕೇರಿಯವಳಿಗೆ ತಾನೇ ತೆರೆಯೋದು? ಈ ಕತೆ ಓದಿದಾಗ ನನ್ನ ಕೈಯಲ್ಲಿದ್ದ ಮಸಿ ಡಬ್ಬಿ ನೆನಪಾಯಿತು.

ಸುದ್ದಿ ಹೊರಗೆ ಬರಲು ಕಾರಣ ಪೀಟರ್ ಬಕ್ಸ್ಟನ್ ಎಂಬ ಒಬ್ಬ ನೌಕರ. ಅದೇ ಇಲಾಖೆಯಲ್ಲಿದ್ದು 1966ರಿಂದ ಆಕ್ಷೇಪಣೆ ಬರೆದ. ಮೇಲಿನವರು ಕೇಳಲಿಲ್ಲ. ಕೊನೆಗೆ ಪತ್ರಿಕೆಯವರಿಗೆ ಹೇಳಿದ. ಅಧ್ಯಯನ ನಿಂತಿತು. 1974ರಲ್ಲಿ ಕಾಯಿದೆ ಬಂತು. 1979ರ ಬೆಲ್ಮಾಂಟ್ ವರದಿ ಮೂರು ಮಾತು ಹೇಳಿತು: ಮನುಷ್ಯನನ್ನು ಗೌರವಿಸಿ, ಅವನಿಗೆ ಒಳ್ಳೆಯದಾಗುವ ಹಾಗೆ ನೋಡಿಕೊಳ್ಳಿ, ಸಂಶೋಧನೆಯ ಭಾರವನ್ನೂ ಲಾಭವನ್ನೂ ನ್ಯಾಯವಾಗಿ ಹಂಚಿ. ಅಧ್ಯಕ್ಷರು ಕ್ಷಮೆ ಕೇಳಲು 1997 ಬರಬೇಕಾಯಿತು.

ಇದೆಲ್ಲ ದೂರದ ದೇಶದ ಹಳೇ ಕತೆ ಅನ್ನುತ್ತೀರಾ? ಹಾಗಾದರೆ ಎರಡನೆಯದು ಕೇಳಿ.

2009. ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಹಾಕಿ ನೋಡುವ ಯೋಜನೆ ಬಂತು. ಪಾತ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ರಾಜ್ಯ ಸರ್ಕಾರ, ಎಲ್ಲ ಸೇರಿದ್ದರು. ಗುಜರಾತಿನ ವಡೋದರದಲ್ಲೂ ನಡೆಯಿತು. ಖಮ್ಮಂನ ಹುಡುಗಿಯರಲ್ಲಿ ಬಹಳ ಜನ ಆದಿವಾಸಿಗಳು, ಆಶ್ರಮಶಾಲೆಯ ಹಾಸ್ಟೆಲುಗಳಲ್ಲಿ ಇದ್ದವರು. ಎರಡೂ ಕಡೆ ಸೇರಿ ಏಳು ಹುಡುಗಿಯರು ಸತ್ತ ಮೇಲೆ ಗದ್ದಲವಾಗಿ, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆ ಕಾರಣವಲ್ಲ ಅಂತ ಸರ್ಕಾರದ ತನಿಖೆ ಹೇಳಿತು. ಆ ಲಸಿಕೆ ಕ್ಯಾನ್ಸರ್ ತಡೆಯುತ್ತೆ ಅನ್ನೋದೂ ನಿಜ, ದಾದಿಯಾಗಿ ನಾನು ಅದನ್ನು ಹೇಳಲೇಬೇಕು. ಆದರೆ ಅದೇ ತನಿಖೆ ಒಪ್ಪಿಗೆ ಪತ್ರಗಳನ್ನೂ ನೋಡಿತು. ಆಂಧ್ರದ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು. 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ರುಜು! 2013ರಲ್ಲಿ ಪಾರ್ಲಿಮೆಂಟಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ತಂಗಿಯರೆ, ತೋಳು ಯಾರದು? ರುಜು ಯಾರದು? ಕೂಲಿಗೆ ಹೋದ ಅಪ್ಪ ಅವ್ವನನ್ನು ಹುಡುಕಿಕೊಂಡು ಹೋಗಿ ಕೇಳುವ ತೊಂದರೆ ಯಾರಿಗೆ ಬೇಕು, ವಾರ್ಡನ್ ಇದಾರಲ್ಲ ಅಂದುಕೊಂಡರು. ಹಾಸ್ಟೆಲ್ ಅಂದರೆ ಅವರಿಗೆ ಒಂದೇ ಕಡೆ ಸಿಗುವ ನೂರು ತೋಳು. ಊಟ ಹಾಕುವವನು ನಮ್ಮ ಮೈಗೂ ಯಜಮಾನ ಅನ್ನೋದು ಜೀತದ ನ್ಯಾಯ. ಒಳ್ಳೇ ಮದ್ದನ್ನೂ ಕೇಳದೆ ಚುಚ್ಚಬಾರದು.

ಸಂಶೋಧನೆಯೇ ಬೇಡ ಅಂತ ನಾನು ಹೇಳ್ತಾ ಇಲ್ಲ. ನಮ್ಮ ಹುಡುಗಿಯರ ರಕ್ತಹೀನತೆ, ಪೌರಕಾರ್ಮಿಕರ ಶ್ವಾಸಕೋಶದ ಕಾಯಿಲೆ, ಇವನ್ನು ಯಾರಾದರೂ ಲೆಕ್ಕ ಹಾಕಿ ಬರೆಯಲೇಬೇಕು. ನರ್ಸಿಂಗ್ ಎಂ.ಎಸ್ಸಿ. ಓದುವವರು ಪ್ರಬಂಧಕ್ಕೆ ಪ್ರಶ್ನೆಪಟ್ಟಿ ಹಿಡಿದು ನಿಮ್ಮ ಹಾಸ್ಟೆಲಿಗೇ ಬರಬಹುದು. ಮುಟ್ಟಿನ ವಿಷಯ, ಊಟದ ವಿಷಯ ಕೇಳಬಹುದು. ಬರಲಿ. ಆದರೆ ನೀವೂ ಕೇಳಿ.

ಇದು ಚಿಕಿತ್ಸೆಯೋ ಸಂಶೋಧನೆಯೋ? ಎಥಿಕ್ಸ್ ಕಮಿಟಿಯ ಮಂಜೂರಾತಿ ಇದೆಯೇ? ನಮಗೆ ಏನು ಅಪಾಯ, ಏನು ಲಾಭ? ನಮ್ಮ ಹೆಸರು ಗುಟ್ಟಾಗಿರುತ್ತದೆಯೇ? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ಕನ್ನಡದಲ್ಲಿ ಬರೆದ ಮಾಹಿತಿ ಪತ್ರ ಎಲ್ಲಿ?

ಇದು ಉದ್ಧಟತನವಲ್ಲ, ನಿಮ್ಮ ಹಕ್ಕು. ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಇವು ಇವೆ. 18 ತುಂಬದವರಿಗೆ ಅಪ್ಪ ಅವ್ವನ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವನ್ನೂ 'ನಿನಗೆ ಇಷ್ಟ ಇದೆಯೇನಪ್ಪಾ' ಅಂತ ಕೇಳಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ, ಸಂಶೋಧನೆಗೆ ಸಂಬಂಧ ಇಲ್ಲದ, ಓದು ಬಲ್ಲ ಸಾಕ್ಷಿ ಇರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಕಾರಣ ಹೇಳಬೇಕಾಗಿಲ್ಲ.

ಕೊನೆಯ ಮಾತು, ನಿಮ್ಮಲ್ಲಿ ದಾದಿಯಾಗುವವರಿಗೆ. ನಿಮ್ಮನ್ನೂ ಒಂದು ದಿನ 'ನೀವು ಅವರ ಜನ, ನೀವು ಹೇಳಿದರೆ ಒತ್ತುತ್ತಾರೆ' ಅಂತ ಹೊಗಳುತ್ತಾರೆ. ಆವತ್ತು ಹೆಮ್ಮೆ ಪಡಬೇಡಿ, ಎಚ್ಚರಾಗಿ. ನಮ್ಮ ಜನರ ನಂಬಿಕೆ ನಮ್ಮ ಕೈಗೆ ಬಂದಿರೋದು ಅವರನ್ನು ಕಾಯೋಕೆ, ಒಪ್ಪಿಸಿಕೊಡೋಕಲ್ಲ. ಫಾರಂ ಓದಿ ಹೇಳಿ. ಅವರು ಬೇಡ ಅಂದರೆ 'ಬೇಡ' ಅಂತಲೇ ಬರೆದು ಪಕ್ಕದಲ್ಲಿ ನಿಂತುಕೊಳ್ಳಿ.

ಆ ಕೂಲಿ ಹೆಂಗಸಿಗೆ ನಾನು ಆವತ್ತು ಹೇಳಬೇಕಾಗಿದ್ದ ಉತ್ತರ ಇಷ್ಟೇ: 'ಕೊಡ್ತಾರೆ ಕಣವ್ವ. ನೀನು ಒತ್ತಿದರೂ ಕೊಡಬೇಕು, ಒತ್ತದಿದ್ದರೂ ಕೊಡಬೇಕು. ಅದು ನಿನ್ನ ಮಗೀನ ಹಕ್ಕು.' ಅವಳಿಗೆ ನಾನು ಹೇಳಲಿಲ್ಲ. ನೀವು ಹೇಳಿ.

ಜೈ ಭೀಮ್.